ಪಟಿಕ ಹಾಕಿದ ನೀರು

ಕಿಡ್ನಿ ಕೈಕೊಟ್ಟವರ ಮನೆಯಲ್ಲಿ ನೀರಿಗೂ ಲೆಕ್ಕ ಇರುತ್ತದೆ. ಬೆಳಗಿನ ಕಾಫಿ ಇಷ್ಟು, ಊಟದ ಸಾರು ಇಷ್ಟು, ಮಾತ್ರೆ ನುಂಗಲು ಎರಡು ಗುಟುಕು. ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನ ಆಸುಪಾಸು. ಬೇಸಿಗೆಯಲ್ಲಿ ನಾಲಿಗೆ ಒಣಗಿದರೆ ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಸುಮ್ಮನಿರಬೇಕು. ಅದೇ ರೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದಾಗ ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ, ಅಂದರೆ ಸುಮಾರು 120 ಲೀಟರ್ ನೀರು ಅವರ ರಕ್ತದ ಮಗ್ಗುಲಲ್ಲೇ ಹರಿದುಹೋಗುತ್ತದೆ. ರಕ್ತ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ತೆಳ್ಳನೆಯ ಪೊರೆ. ರಕ್ತದ ಕಸ ಈ ಪೊರೆಯನ್ನು ದಾಟಿ ನೀರಿಗೆ ಬರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಪೊರೆಗೆ ಒಳಗೆ ಯಾವುದು, ಹೊರಗೆ ಯಾವುದು ಎಂಬ ಭೇದವಿಲ್ಲ. ನೀರಿನಲ್ಲಿರುವುದೂ ಅದೇ ದಾರಿ ಹಿಡಿದು ರಕ್ತಕ್ಕೆ ಹೋಗಬಹುದು. ಆರೋಗ್ಯವಂತರು ವಾರಕ್ಕೆ ಹದಿನಾಲ್ಕು ಹದಿನೈದು ಲೀಟರ್ ನೀರು ಕುಡಿಯುತ್ತಾರೆ. ಅದಕ್ಕೆ ಕರುಳಿನ ಕಾವಲಿದೆ, ಕಾವಲು ತಪ್ಪಿಸಿಕೊಂಡು ಬಂದದ್ದನ್ನು ಹೊರಗೆ ಹಾಕಲು ಕಿಡ್ನಿ ಇದೆ. ಡಯಾಲಿಸಿಸ್ ರೋಗಿಯ ರಕ್ತ ವಾರಕ್ಕೆ 360 ಲೀಟರ್ ನೀರನ್ನು ಎದುರಿಸುತ್ತದೆ, ಕಾವಲು ಎರಡೂ ಇಲ್ಲದೆ.

ಈ ಸರಳ ಲೆಕ್ಕ ವೈದ್ಯಲೋಕಕ್ಕೆ ಪೂರ್ತಿ ಅರ್ಥವಾಗಲು ಎರಡು ದಶಕವೇ ಬೇಕಾಯಿತು. ಆ ಎರಡು ದಶಕಗಳಲ್ಲಿ ಅನೇಕ ಜನ ಮಾತು ಕಳೆದುಕೊಂಡು, ಮೂಳೆ ಮುರಿದುಕೊಂಡು, ಮೂರ್ಛೆ ಬಿದ್ದು ಸತ್ತರು. ಕಾರಣವಾದದ್ದು ಯಾರೂ ವಿಷವೆಂದು ನೆನೆಸದ, ನಮ್ಮ ಅಡುಗೆಮನೆಗಳಲ್ಲಿ ಅನ್ನ ಬೇಯಿಸುವ ಲೋಹ: ಅಲ್ಯೂಮಿನಿಯಂ.

ಡಯಾಲಿಸಿಸ್ ಕತೆ ಶುರುವಾಗುವುದು ಎರಡನೇ ಮಹಾಯುದ್ಧದ ನಡುವೆ, ಜರ್ಮನರ ವಶದಲ್ಲಿದ್ದ ನೆದರ್ಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ. ವಿಲ್ಲೆಂ ಕೋಲ್ಫ್ ಎಂಬ ಯುವ ವೈದ್ಯ 1943ರಲ್ಲಿ ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯನ್ನು ತಿರುಗುವ ಡ್ರಮ್ಮಿಗೆ ಸುತ್ತಿ ಮೊದಲ ಕೃತಕ ಮೂತ್ರಪಿಂಡ ಮಾಡಿದ. ಅವನ ಮೊದಲ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಬದುಕಿದಳು. ಆದರೆ ಪ್ರತಿಸಲವೂ ಹೊಸದಾಗಿ ರಕ್ತನಾಳ ಕೊಯ್ದು ಕೊಳವೆ ಸೇರಿಸಬೇಕಾಗಿತ್ತು, ಹಾಗಾಗಿ ಒಬ್ಬರಿಗೆ ಕೆಲವೇ ಸಲ ಮಾಡಲು ಸಾಧ್ಯ. ಕಿಡ್ನಿ ತಾನಾಗಿ ಚೇತರಿಸಿಕೊಳ್ಳುವವರೆಗೆ ರೋಗಿಯನ್ನು ದಾಟಿಸಲಷ್ಟೇ ಈ ಯಂತ್ರ.

ಇದನ್ನು ಬದಲಿಸಿದ್ದು ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್. 1960ರ ಮಾರ್ಚಿನಲ್ಲಿ ಅವನು ಟೆಫ್ಲಾನ್ ಕೊಳವೆಯೊಂದನ್ನು ಕ್ಲೈಡ್ ಶೀಲ್ಡ್ಸ್ ಎಂಬಾತನ ತೋಳಿನಲ್ಲಿ ಕಾಯಂ ಆಗಿ ಕೂರಿಸಿದ. ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದ ಶೀಲ್ಡ್ಸ್ ಇನ್ನು ಕೆಲವೇ ದಿನ ಎಂಬ ಸ್ಥಿತಿಯಲ್ಲಿದ್ದವನು ಮತ್ತೆ ಹನ್ನೊಂದು ವರ್ಷ ಬದುಕಿದ. ಯಂತ್ರಗಳು ಕಡಿಮೆ, ಬೇಕಾದವರು ಹೆಚ್ಚು. ಯಾರಿಗೆ ಯಂತ್ರ, ಯಾರಿಗೆ ಸಾವು ಎಂದು ತೀರ್ಮಾನಿಸಲು ಸಿಯಾಟಲ್‌ನಲ್ಲಿ ಸಾಮಾನ್ಯ ನಾಗರಿಕರ ಸಮಿತಿಯನ್ನೇ ಮಾಡಬೇಕಾಯಿತು. ವೈದ್ಯಕೀಯ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಆ ಸಮಿತಿಯ ಕತೆ ಬೇಕಾದಷ್ಟು ಬಂದಿದೆ, ಇಲ್ಲಿ ಬೇಡ. ನಮಗೆ ಬೇಕಾದದ್ದು ಇಷ್ಟೇ: ಕಿಡ್ನಿ ಪೂರ್ತಿ ಹೋದವರು ವರ್ಷಗಟ್ಟಲೆ ಬದುಕುವುದು ಅಲ್ಲಿಂದ ಶುರುವಾಯಿತು. ನಿಧಾನಕ್ಕೆ ಕೊಲ್ಲುವ ವಿಷ ಕೊಲ್ಲಲು ಮೊದಲು ಮನುಷ್ಯ ಅಷ್ಟು ಕಾಲ ಬದುಕಿರಬೇಕಲ್ಲ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಕೊಲರಾಡೊದ ಡೆನ್ವರ್‌ನಲ್ಲಿ ಆಲನ್ ಆಲ್‌ಫ್ರಿ ಎಂಬ ವೈದ್ಯನ ರೋಗಿಗಳಲ್ಲಿ ಕೆಲವರು ವಿಚಿತ್ರವಾಗಿ ತೊದಲತೊಡಗಿದರು. ಮೊದಮೊದಲು ಇದು ಡಯಾಲಿಸಿಸ್ ಮುಗಿದ ಕೂಡಲೇ ಕಾಣಿಸಿಕೊಂಡು, ಮಾರನೆಯ ದಿನದ ಹೊತ್ತಿಗೆ ಸರಿಹೋಗುತ್ತಿತ್ತು. ಮಾತು ನಡುವೆ ನಿಲ್ಲುತ್ತದೆ, ಬೇಕಾದ ಶಬ್ದ ನಾಲಿಗೆಯ ತುದಿಗೆ ಬಂದು ಹೊರಡುವುದಿಲ್ಲ. ಕೆಲವು ವಾರದ ನಂತರ ತೊದಲು ಮಾರನೆಯ ದಿನವೂ ಉಳಿಯುತ್ತದೆ. ಆಮೇಲೆ ಕೈಕಾಲು ಇದ್ದಕ್ಕಿದ್ದಂತೆ ಜಗ್ಗಿದ ಹಾಗೆ ಅದುರುತ್ತವೆ, ಕೈಯಲ್ಲಿದ್ದ ಲೋಟ ಜಾರಿ ಬೀಳುತ್ತದೆ. ನೆನಪು ಹೋಗುತ್ತದೆ, ಸ್ವಭಾವ ಬದಲಾಗುತ್ತದೆ, ಇಲ್ಲದವರು ಕಾಣಿಸುತ್ತಾರೆ, ಸೆಳವು ಬರುತ್ತದೆ. ಕಡೆಗೆ ಮಾತೇ ನಿಂತುಹೋಗುತ್ತದೆ. ಮೊದಲ ತೊದಲಿನಿಂದ ಸಾವಿನವರೆಗೆ ಆರರಿಂದ ಒಂಬತ್ತು ತಿಂಗಳು. ಜೀವ ಉಳಿಸಲು ವಾರಕ್ಕೆ ಮೂರು ಸಲ ಕರೆತರುತ್ತಿದ್ದ ಯಂತ್ರದ ಬಳಿಯಿಂದ ಎದ್ದಾಗಲೆಲ್ಲ ರೋಗ ಒಂದು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಡಯಾಲಿಸಿಸ್ ಸಾಲುತ್ತಿಲ್ಲ ಎಂದು ಭಾವಿಸಿ ಇನ್ನಷ್ಟು ಹೊತ್ತು ಮಾಡಿದರೆ? ರೋಗಿ ಇನ್ನೂ ಬೇಗ ಕೆಡುತ್ತಿದ್ದ.

ಆಲ್‌ಫ್ರಿ ಮತ್ತು ಸಂಗಡಿಗರು 1972ರಲ್ಲಿ ಈ ರೋಗದ ಮೊದಲ ವರದಿ ಕೊಟ್ಟರು. ಮರುವರ್ಷ ಷಿಕಾಗೊದ ಕುಕ್ ಕೌಂಟಿ ಆಸ್ಪತ್ರೆಯಿಂದ ಲ್ಯಾನ್ಸೆಟ್ ಪತ್ರಿಕೆಗೆ ಇಂಥದೇ ರೋಗಿಗಳ ಬಗ್ಗೆ ಬರಹ ಹೋಯಿತು. ಬರೆದವರಲ್ಲಿ ಮೊದಲ ಹೆಸರು ಭಾರತ ಮೂಲದ ವೈದ್ಯ ಮಾಹುರ್ಕರ್ ಅವರದು. ಇಂದು ಡಯಾಲಿಸಿಸ್ ರೋಗಿಗಳ ಕತ್ತಿನಲ್ಲಿ ಕಾಣುವ ಎರಡು ಕವಲಿನ ಕೊಳವೆಗೆ ‘ಮಾಹುರ್ಕರ್ ಕ್ಯಾಥೆಟರ್’ ಎಂದು ಹೆಸರು ಬಂದದ್ದು ಇದೇ ಮಾಹುರ್ಕರ್ ಅವರಿಂದ. ಆ ಬರಹದ ಶೀರ್ಷಿಕೆ ‘ಡಯಾಲಿಸಿಸ್ ಡಿಮೆನ್ಷಿಯ’. ಅರುಳುಮರುಳಿಗೆ ಚಿಕಿತ್ಸೆಯ ಹೆಸರನ್ನೇ ಅಂಟಿಸಿದ ಇಂಥ ಹೆಸರು ವೈದ್ಯಶಾಸ್ತ್ರದಲ್ಲಿ ಅಪರೂಪ.

ಕಾರಣ ಹುಡುಕುವಾಗ ಅಲ್ಯೂಮಿನಿಯಂ ಮೇಲೆ ಕಣ್ಣು ಹೋಗಲು ಒಂದು ಅಡ್ಡಿ ಇತ್ತು. ಅದು ಔಷಧಿಯಾಗಿತ್ತು. ಕಿಡ್ನಿ ಕೆಲಸ ಮಾಡದಿದ್ದರೆ ಊಟದಲ್ಲಿನ ಫಾಸ್ಫೇಟ್ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ, ಮೂಳೆಯ ಸುಣ್ಣವನ್ನು ಕರಗಿಸುತ್ತದೆ, ಚರ್ಮಕ್ಕೆ ತಡೆಯಲಾರದ ತುರಿಕೆ ತರುತ್ತದೆ. ಫಾಸ್ಫೇಟನ್ನು ಕರುಳಿನಲ್ಲೇ ಕಟ್ಟಿಹಾಕಲು ಊಟದ ಜೊತೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೊಡುತ್ತಿದ್ದರು. ಎದೆಯುರಿಗೆ ನಾವು ಕುಡಿಯುವ ಪುದೀನ ವಾಸನೆಯ ಗಟ್ಟಿ ದ್ರಾವಣಗಳಲ್ಲಿ ಇರುವುದೂ ಅದೇ. ಕರುಳಿನಿಂದ ಅಲ್ಯೂಮಿನಿಯಂ ರಕ್ತಕ್ಕೆ ಹೋಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಹೋಗುತ್ತದೆ ಎಂಬುದು ನಿಜ. ಆದರೆ ದಿನಕ್ಕೆ ಗ್ರಾಂಗಟ್ಟಲೆ, ವರ್ಷಗಟ್ಟಲೆ ನುಂಗುವವರಿಗೆ, ಅದನ್ನು ಹೊರಹಾಕುವ ಅಂಗವೇ ಇಲ್ಲದವರಿಗೆ ಆ ಚೂರು ಪಾಲು ಸಣ್ಣದಲ್ಲ. 1970ರಲ್ಲೇ ಜೆಫ್ರಿ ಬರ್ಲೈನ್ ಮತ್ತು ಸಂಗಡಿಗರು ಇಂಥ ಔಷಧಿ ತೆಗೆದುಕೊಳ್ಳುವ ಕಿಡ್ನಿ ರೋಗಿಗಳ ರಕ್ತದಲ್ಲಿ ಅಲ್ಯೂಮಿನಿಯಂ ಏರುತ್ತದೆ ಎಂದು ಲ್ಯಾನ್ಸೆಟ್‌ನಲ್ಲಿ ಎಚ್ಚರಿಸಿದ್ದರು. ಅದರಿಂದ ಔಷಧಿ ನಿಲ್ಲಲಿಲ್ಲ. ನಿಲ್ಲಿಸಿದರೆ ಫಾಸ್ಫೇಟಿಗೆ ಬೇರೆ ದಾರಿ ಏನು ಎಂಬ ಪ್ರಶ್ನೆಗೆ ಆಗ ಒಳ್ಳೆಯ ಉತ್ತರವಿರಲಿಲ್ಲ ಎಂಬುದನ್ನೂ ಹೇಳಬೇಕು.

1976ರ ಜನವರಿಯಲ್ಲಿ ಆಲ್‌ಫ್ರಿ ಅಳತೆಗಳನ್ನು ಮುಂದಿಟ್ಟ. ಸತ್ತವರ ಮಿದುಳಿನ ಬೂದು ಭಾಗವನ್ನು ಒಣಗಿಸಿ ಅಲ್ಯೂಮಿನಿಯಂ ಅಳೆದಿದ್ದ. ಕಿಡ್ನಿ ರೋಗವಿಲ್ಲದವರಲ್ಲಿ ಕಿಲೋಗೆ 2.2 ಮಿಲಿಗ್ರಾಂ. ಡಯಾಲಿಸಿಸ್ ಮಾಡಿಸಿಕೊಂಡು ಬೇರೆ ಕಾರಣಕ್ಕೆ ಸತ್ತವರಲ್ಲಿ 6.5. ತೊದಲುತ್ತಾ ಸತ್ತವರಲ್ಲಿ 25. ಇದನ್ನು ನೋಡಿದ ಮೇಲೆ ಅನುಮಾನಕ್ಕೆ ಹೆಚ್ಚು ಜಾಗವಿರಲಿಲ್ಲ. ಅಲ್ಯೂಮಿನಿಯಂ ಎಲ್ಲಿಂದ ಬಂತು ಎಂಬುದರ ಬಗ್ಗೆ ಮಾತ್ರ ಜಗಳ ಉಳಿಯಿತು. ಆಲ್‌ಫ್ರಿಯ ಬೆರಳು ಮುಖ್ಯವಾಗಿ ಮಾತ್ರೆಗಳ ಕಡೆ ತೋರಿಸುತ್ತಿತ್ತು. ಆದರೆ ಅದೇ ಮಾತ್ರೆ ಎಲ್ಲ ಊರುಗಳಲ್ಲೂ ನುಂಗುತ್ತಿದ್ದರು, ರೋಗ ಮಾತ್ರ ಕೆಲವೇ ಊರುಗಳಲ್ಲಿತ್ತು.

ಊರಿಂದ ಊರಿಗೆ ಬದಲಾಗುವುದು ಏನು? ನೀರು.

ಇದು ಕಂಡದ್ದು ಬ್ರಿಟನ್ನಿನಲ್ಲಿ, ಅದಕ್ಕೆ ಅಲ್ಲಿನ ವ್ಯವಸ್ಥೆಯೇ ಕಾರಣ. ಆಸ್ಪತ್ರೆಗಳಲ್ಲಿ ಜಾಗ ಸಾಲದೆ ಅಲ್ಲಿ ಬಹಳ ಮಂದಿ ರೋಗಿಗಳಿಗೆ ಯಂತ್ರವನ್ನು ಮನೆಗೇ ಕೊಟ್ಟಿದ್ದರು. ಮಲಗುವ ಕೋಣೆಯಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ಯಂತ್ರ, ಗಂಡನಿಗೆ ಹೆಂಡತಿ ಅಥವಾ ಹೆಂಡತಿಗೆ ಗಂಡ ಸೂಜಿ ಚುಚ್ಚುವುದು, ನೀರು ಮನೆಯ ನಲ್ಲಿಯಿಂದ. ಹೀಗಾಗಿ ಪ್ರತಿ ರೋಗಿಯೂ ತನ್ನ ಬೀದಿಯ ನೀರಿನ ಮೇಲೆ ಬದುಕುತ್ತಿದ್ದ. ಒಬ್ಬನೇ ವೈದ್ಯ, ಒಂದೇ ಔಷಧಿ, ಒಂದೇ ಬಗೆಯ ಯಂತ್ರ, ನೀರು ಮಾತ್ರ ಬೇರೆ ಬೇರೆ. ಬೇಕೆಂದು ಯಾರೂ ಮಾಡಲಾಗದ ಪ್ರಯೋಗ ತಾನಾಗಿ ನಡೆದುಬಿಟ್ಟಿತ್ತು.

ನ್ಯೂಕ್ಯಾಸಲ್‌ನಲ್ಲಿ ಮೊದಲು ಗಮನಕ್ಕೆ ಬಂದದ್ದು ಮೂಳೆ. ಕೆಮ್ಮಿದರೆ ಪಕ್ಕೆಲುಬು ಬಿರುಕು ಬಿಡುತ್ತಿತ್ತು, ಮಂಚದಿಂದ ಇಳಿಯುವಾಗ ತೊಡೆಮೂಳೆ ಮುರಿಯುತ್ತಿತ್ತು. ವಿಟಮಿನ್ ಡಿ ಕೊಟ್ಟರೂ ಪ್ರಯೋಜನವಿಲ್ಲ. ಹೊಸ ಮೂಳೆ ಗಟ್ಟಿಯಾಗಬೇಕಾದ ಜಾಗದಲ್ಲೇ ಅಲ್ಯೂಮಿನಿಯಂ ಕೂತು, ಸುಣ್ಣ ಸೇರದಂತೆ ತಡೆಯುತ್ತಿತ್ತು ಎಂಬುದು ತಿಳಿದದ್ದು ಆಮೇಲೆ. ಡೇವಿಡ್ ಕೆರ್, ವಾರ್ಡ್, ಪಾರ್ಕಿನ್ಸನ್ ಮೊದಲಾದವರಿದ್ದ ಅಲ್ಲಿನ ತಂಡ 1978ರಲ್ಲಿ ಒಂದು ಹೋಲಿಕೆ ಮಾಡಿ ತೋರಿಸಿತು. ನೀರನ್ನು ಕೇವಲ ಮೆದು ಮಾಡಿ ಬಳಸಿದವರಿಗೆ ಈ ಮೂಳೆ ರೋಗ ಬರುತ್ತಿತ್ತು, ಅಯಾನುಗಳನ್ನೆಲ್ಲ ತೆಗೆದ ನೀರು ಬಳಸಿದವರಿಗೆ ಬಹಳ ಕಡಿಮೆ. ನೀರು ಮೆದು ಮಾಡುವ ಸಾಧನ ಸುಣ್ಣದ ಅಂಶವನ್ನು ಹಿಡಿಯುತ್ತದೆ, ಅಲ್ಯೂಮಿನಿಯಂ ಅದರ ಕೈಗೆ ಸರಿಯಾಗಿ ಸಿಗುವುದಿಲ್ಲ. ಅಷ್ಟರಲ್ಲಾಗಲೇ ಷೆಫೀಲ್ಡ್‌ನ ಪ್ಲಾಟ್ಸ್ ಮತ್ತು ಜೊತೆಗಾರರು ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವ ತಮ್ಮ ರೋಗಿಗಳ ಮೂಳೆ ಮುರಿತ ಮತ್ತು ಮಿದುಳಿನ ರೋಗವನ್ನು ಅವರವರ ಮನೆಯ ನೀರಿನ ಗುಣದ ಜೊತೆ ಇಟ್ಟು ನೋಡಿದ್ದರು. 1979ರಲ್ಲಿ ನ್ಯೂಕ್ಯಾಸಲ್ ತಂಡ ಬ್ರಿಟನ್ನಿನ 18 ಕೇಂದ್ರಗಳ 1293 ರೋಗಿಗಳ ಸಮೀಕ್ಷೆ ಪ್ರಕಟಿಸಿತು. ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದ್ದ ಕಡೆ ಮೂಳೆ ರೋಗವೂ ಮಿದುಳಿನ ರೋಗವೂ ಹೆಚ್ಚು. ಕಾಲರಾ ಕಾಲದಲ್ಲಿ ಲಂಡನ್ನಿನ ಜಾನ್ ಸ್ನೋ ಬೀದಿ ಪಂಪಿನ ಸುತ್ತ ಸಾವುಗಳನ್ನು ಗುರುತು ಹಾಕಿದನಲ್ಲ, ಅದರ ಮುಂದಿನ ಅಧ್ಯಾಯ ಇದು ಎಂದು ನನಗೆ ಅನ್ನಿಸುತ್ತದೆ. ಒಂದೇ ವ್ಯತ್ಯಾಸ, ಸ್ನೋ ಹುಡುಕಿದ್ದು ಕೊಳಕು ನೀರನ್ನು. ಇಲ್ಲಿ ಕೊಂದದ್ದು ಶುದ್ಧ ಮಾಡಿದ ನೀರು.

ಏಕೆಂದರೆ ಆ ಅಲ್ಯೂಮಿನಿಯಂ ನೀರಿಗೆ ಹೆಚ್ಚಾಗಿ ಬರುತ್ತಿದ್ದದ್ದು ಪಟಿಕದಿಂದ. ಪಟಿಕ ನಮಗೆ ಹೊಸದಲ್ಲ. ಮಳೆಗಾಲದ ಕೆಂಪು ನೀರಿಗೆ ಪಟಿಕದ ಹರಳು ತಿರುಗಿಸಿ, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಗ್ಗಿಸಿಕೊಳ್ಳುವುದು ನಮ್ಮ ಹಳ್ಳಿಗಳ ಹಳೆಯ ಉಪಾಯ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಕಲ್ಲೂ ಅದೇ. ನಗರಗಳ ಜಲಮಂಡಳಿಗಳು ದೊಡ್ಡ ಪ್ರಮಾಣದಲ್ಲಿ ಮಾಡುವುದೂ ಇದನ್ನೇ. ಅಲ್ಯೂಮಿನಿಯಂ ಸಲ್ಫೇಟ್ ಹಾಕಿದರೆ ನೀರಿನಲ್ಲಿ ತೇಲುವ ನುಣುಪು ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಎಳೆಯಂತೆ ದಪ್ಪವಾಗಿ ಕೆಳಗಿಳಿಯುತ್ತವೆ. ಸರಿಯಾಗಿ ಮಾಡಿದರೆ ಅಲ್ಯೂಮಿನಿಯಂ ಬಹುಪಾಲು ಕೆಸರಿನ ಜೊತೆಗೇ ಹೋಗುತ್ತದೆ, ಸ್ವಲ್ಪ ಉಳಿಯುತ್ತದೆ. ಉಳಿದದ್ದು ಕುಡಿಯುವವರಿಗೆ ಲೆಕ್ಕಕ್ಕಿಲ್ಲ. ನೀರು ಕೆಸರಾದಷ್ಟೂ ಪಟಿಕ ಹೆಚ್ಚು ಬೇಕು. ಹಾಗಾಗಿ ಒಂದೇ ನಲ್ಲಿಯ ನೀರೂ ಎಲ್ಲ ಕಾಲಕ್ಕೆ ಒಂದೇ ಅಲ್ಲ. ಷಿಕಾಗೊದ ವೈದ್ಯರು ಹಿಂತಿರುಗಿ ಲೆಕ್ಕ ಹಾಕಿದಾಗ, ತಮ್ಮ ಆಸ್ಪತ್ರೆಯ ಡಿಮೆನ್ಷಿಯ ರೋಗಿಗಳ ಸಾಲು ನಗರದ ನೀರಿಗೆ ಅಲ್ಯೂಮಿನಿಯಂ ಸಲ್ಫೇಟ್ ಹಾಕುವುದರ ಜೊತೆ ಹೊಂದುತ್ತದೆ ಎಂಬುದು ಕಂಡಿತು. ನೆದರ್ಲೆಂಡಿನ ಐಂಡ್‌ಹೋವನ್‌ನಲ್ಲಿ ತಪ್ಪಿತಸ್ಥ ಇನ್ನೂ ವಿಚಿತ್ರ. ಅಲ್ಲಿ ನೀರು ಕಾಯಿಸುವ ಬಾಯ್ಲರ್ ತುಕ್ಕು ಹಿಡಿಯದಿರಲಿ ಎಂದು ಒಳಗೆ ಇಟ್ಟಿದ್ದ ಅಲ್ಯೂಮಿನಿಯಂ ಸರಳುಗಳೇ ಕರಗಿ ರೋಗಿಗಳ ರಕ್ತ ಸೇರುತ್ತಿದ್ದವು.

ರಕ್ತ ಸೇರಿದ ಅಲ್ಯೂಮಿನಿಯಂ ಇನ್ನೊಂದು ಡಯಾಲಿಸಿಸ್‌ನಲ್ಲಿ ಹೊರಗೆ ಬರಬಾರದೇಕೆ? ಬರುವುದಿಲ್ಲ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಅಲ್ಯೂಮಿನಿಯಂ ಬಂದ ತಕ್ಷಣ ಅದನ್ನೂ ಎತ್ತಿಕೊಳ್ಳುತ್ತದೆ. ಅಷ್ಟು ದೊಡ್ಡ ಪ್ರೋಟೀನ್ ಪೊರೆ ದಾಟಲಾರದು. ಒಳಗೆ ಬರಲು ಬಾಗಿಲು ತೆರೆದಿದೆ, ಹೊರಗೆ ಹೋಗಲು ಇಲ್ಲ. ಕಬ್ಬಿಣದ ಗಾಡಿ ಹತ್ತಿದ್ದರಿಂದಲೇ ರಕ್ತಹೀನತೆಯೂ ಬರುತ್ತಿತ್ತು. ಕಬ್ಬಿಣದ ಕೊರತೆಯಂತೆಯೇ ಕಾಣುವ, ಆದರೆ ಕಬ್ಬಿಣ ಕೊಟ್ಟರೂ ವಾಸಿಯಾಗದ ರಕ್ತಹೀನತೆ.

ಹಾಗಾದರೆ ದೇಹದಲ್ಲಿ ಕೂತದ್ದನ್ನು ಎಳೆದು ಹಾಕುವುದು ಹೇಗೆ? ಥಲಸ್ಸೀಮಿಯ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಕೊಟ್ಟು ಮೈಯಲ್ಲಿ ಸೇರಿದ ಕಬ್ಬಿಣವನ್ನು ತೆಗೆಯಲು ಡೆಸ್‌ಫೆರಿಯಾಕ್ಸಮಿನ್ ಎಂಬ ಔಷಧಿ ಬಳಕೆಯಲ್ಲಿತ್ತು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ನಡೆದುಕೊಳ್ಳುತ್ತದೆ ಎಂದ ಮೇಲೆ ಇದೂ ಕೆಲಸ ಮಾಡಬೇಕು. 1980ರಲ್ಲಿ ಮ್ಯಾಂಚೆಸ್ಟರಿನ ಆ್ಯಕ್ರಿಲ್ ಮತ್ತು ಸಂಗಡಿಗರು ಮಿದುಳಿನ ರೋಗ ಬಂದಿದ್ದ ರೋಗಿಯೊಬ್ಬರಲ್ಲಿ ಇದು ಫಲಿಸಿತು ಎಂದು ವರದಿ ಮಾಡಿದರು. ಅಲ್ಲಿಯವರೆಗೆ ಸಾವೊಂದೇ ಕೊನೆ ಎಂದಿದ್ದ ರೋಗಕ್ಕೆ ಅದು ದೊಡ್ಡ ಸುದ್ದಿ.

ಆದರೆ ಈ ಔಷಧಿ ಮೂಳೆಯಲ್ಲಿ ಅಡಗಿದ ಅಲ್ಯೂಮಿನಿಯಂ ಅನ್ನು ಎಬ್ಬಿಸಿ ಒಮ್ಮೆಗೇ ರಕ್ತಕ್ಕೆ ತರುತ್ತದೆ. ವಿಷ ಬಹಳ ಇದ್ದವರಲ್ಲಿ ಮಿದುಳಿನ ರೋಗ ಕಡಿಮೆಯಾಗುವ ಬದಲು ಭುಗಿಲೆದ್ದು ಸಾವಿಗೆ ಕಾರಣವಾಯಿತು. ಕೆಲವರ ಕಣ್ಣು, ಕೆಲವರ ಕಿವಿ ಮಂದವಾಯಿತು. ಇವೆಲ್ಲಕ್ಕಿಂತ ಭಯಂಕರವಾದದ್ದು ಕೋವಿಡ್ ಎರಡನೇ ಅಲೆಯಲ್ಲಿ ನಮಗೆಲ್ಲ ಪರಿಚಯವಾದ ರೋಗ, ನಾವು ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್. ಡೆಸ್‌ಫೆರಿಯಾಕ್ಸಮಿನ್ ಮೂಲತಃ ಸೂಕ್ಷ್ಮಜೀವಿಗಳು ಕಬ್ಬಿಣ ಬೇಟೆಯಾಡಲು ತಯಾರಿಸಿಕೊಳ್ಳುವ ವಸ್ತು. ಅದು ಹಿಡಿದ ಕಬ್ಬಿಣವನ್ನು ಈ ಶಿಲೀಂಧ್ರ ಸುಲಭವಾಗಿ ಕಸಿದುಕೊಂಡು ಬೆಳೆಯುತ್ತದೆ. ಕಿಡ್ನಿ ಇಲ್ಲದವರಲ್ಲಿ ಔಷಧಿ ಬೇಗ ಹೊರಹೋಗುವುದೂ ಇಲ್ಲ. 1980ರ ದಶಕದ ಕೊನೆಯ ಹೊತ್ತಿಗೆ, ಅಲ್ಯೂಮಿನಿಯಂನಿಂದ ಪಾರಾಗಲು ಈ ಔಷಧಿ ಪಡೆದ ಡಯಾಲಿಸಿಸ್ ರೋಗಿಗಳು ಈ ಶಿಲೀಂಧ್ರಕ್ಕೆ ಬಲಿಯಾದ ವರದಿಗಳು ಒಂದರ ಹಿಂದೆ ಒಂದು ಬಂದವು. ಆಮೇಲೆ ಪ್ರಮಾಣವನ್ನು ಬಹಳ ಇಳಿಸಿದರು, ದೇಹದ ತೂಕದ ಕಿಲೋಗೆ 5 ಮಿಲಿಗ್ರಾಂ ಆಸುಪಾಸಿಗೆ. ರಕ್ತದಲ್ಲಿ ಅಲ್ಯೂಮಿನಿಯಂ ವಿಪರೀತ ಇದ್ದರೆ ಮೊದಲು ಒಳ್ಳೆಯ ನೀರಿನಲ್ಲಿ ಡಯಾಲಿಸಿಸ್ ಮಾಡಿ ಇಳಿಸಿಕೊಳ್ಳಬೇಕು, ಆಮೇಲಷ್ಟೇ ಈ ಔಷಧಿ ಎಂಬ ನಿಯಮವೂ ಬಂತು.

ಮಾತ್ರೆಗಳ ಕತೆಯೂ ಹೀಗೇ ಸುತ್ತಿಬಳಸಿ ಹೋಯಿತು. 1984ರಲ್ಲಿ, ಡಯಾಲಿಸಿಸ್ ಶುರುವೇ ಆಗದ ಮಕ್ಕಳಲ್ಲೂ ಅಲ್ಯೂಮಿನಿಯಂ ವಿಷ ಕಾಣಿಸಿಕೊಂಡದ್ದು ವರದಿಯಾಯಿತು. ಆ ಮಕ್ಕಳಿಗೆ ಅದು ಬರಲು ಮಾತ್ರೆಯ ಹೊರತು ಬೇರೆ ದಾರಿಯಿರಲಿಲ್ಲ. ಅಂದರೆ ಆಲ್‌ಫ್ರಿ ಹೇಳಿದ್ದೂ ಸರಿಯೇ, ಬ್ರಿಟನ್ನಿನವರು ಹೇಳಿದ್ದೂ ಸರಿಯೇ. ಸಿಟ್ರೇಟ್ ಜೊತೆಗಿದ್ದರೆ ಕರುಳಿನ ಕಾವಲು ಸಡಿಲವಾಗಿ ಅಲ್ಯೂಮಿನಿಯಂ ಹಲವು ಪಟ್ಟು ಹೆಚ್ಚು ಒಳನುಗ್ಗುತ್ತದೆ ಎಂಬುದೂ ಆ ದಶಕದಲ್ಲಿ ಗೊತ್ತಾಯಿತು. ರಕ್ತದ ಆಮ್ಲ ಇಳಿಸಲು ಸಿಟ್ರೇಟ್ ದ್ರಾವಣ, ಫಾಸ್ಫೇಟಿಗೆ ಅಲ್ಯೂಮಿನಿಯಂ ಮಾತ್ರೆ ಎರಡನ್ನೂ ಬರೆದುಕೊಟ್ಟದ್ದರಿಂದ ಸತ್ತವರಿದ್ದಾರೆ. ಎರಡೂ ಬೇರೆ ಬೇರೆಯಾಗಿ ನೋಡಿದರೆ ಸರಿಯಾದ ಚಿಕಿತ್ಸೆಗಳೇ. ಅಲ್ಯೂಮಿನಿಯಂ ಬದಲು ಕ್ಯಾಲ್ಸಿಯಂ ಮಾತ್ರೆ ಬಂತು, ಅದು ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಸುತ್ತದೆಂದು ಕಂಡಿತು, ಆಮೇಲೆ ಲೋಹವೇ ಇಲ್ಲದ ಸೆವೆಲಮರ್ ಬಂತು.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಂಡರೆ ಮರೆವಿನ ರೋಗ ಬರುತ್ತದೆ ಎಂಬ ಭಯಕ್ಕೆ ಬಲ ಬಂದದ್ದೂ ಡಯಾಲಿಸಿಸ್ ರೋಗಿಗಳ ಈ ಕತೆಯಿಂದಲೇ. ಆದರೆ ಅವರ ಮಿದುಳಿನಲ್ಲಿ ಕಂಡದ್ದು ಆಲ್ಜೈಮರ್ ರೋಗದ ಗುರುತುಗಳಲ್ಲ. ಕಿಡ್ನಿ ಸರಿಯಿದ್ದವರು ಈ ಕತೆ ಓದಿ ಅಡುಗೆಮನೆಯ ಬೋಗುಣಿಗಳನ್ನು ಎಸೆಯಬೇಕಾಗಿಲ್ಲ.

1980ರ ದಶಕ ಮುಗಿಯುವಷ್ಟರಲ್ಲಿ ಎಲ್ಲವೂ ಗೊತ್ತಾಗಿತ್ತು. ಡಯಾಲಿಸಿಸ್ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಅಲ್ಯೂಮಿನಿಯಂ ಇರಬಾರದು ಎಂಬ ಮಾನದಂಡ ಬಂದಿತ್ತು, ಅದನ್ನು ಪಾಲಿಸಲು ರಿವರ್ಸ್ ಆಸ್ಮೋಸಿಸ್, ಅಂದರೆ ನಮ್ಮ ಮಾತಿನ ಆರ್‌ಒ ಯಂತ್ರಗಳೂ ಇದ್ದವು. ಆದರೂ 1993ರಲ್ಲಿ ಪೋರ್ಚುಗಲ್ಲಿನ ಎವೊರ ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳು ಅಲ್ಯೂಮಿನಿಯಂನಿಂದ ಸತ್ತರು. ಅದು ಬರದ ವರ್ಷ. ನೀರಿನ ಗುಣ ಕೆಟ್ಟಿತ್ತು, ನೀರಿನಲ್ಲಿ ಅಲ್ಯೂಮಿನಿಯಂ ಏರಿತ್ತು, ಆಸ್ಪತ್ರೆಯ ಶುದ್ಧೀಕರಣ ಯಂತ್ರ ಅದನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ.

ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ನಡೆದದ್ದು ಇನ್ನೂ ಯೋಚನೆಗೆ ಹಚ್ಚುತ್ತದೆ. ಅಲ್ಲಿ ಕುಡಿಯುವುದು ಸಮುದ್ರದ ನೀರನ್ನು ಸಿಹಿ ಮಾಡಿ. ಕೆಸರಿಲ್ಲ, ಹಾಗಾಗಿ ಪಟಿಕದ ಮಾತೇ ಇಲ್ಲ. ಅಲ್ಯೂಮಿನಿಯಂ ಬಗ್ಗೆ ಹೆದರಲು ಕಾರಣವೇ ಇರಲಿಲ್ಲ. 1996ರಲ್ಲಿ ಡಯಾಲಿಸಿಸ್ ಕೇಂದ್ರವೊಂದಕ್ಕೆ ನೀರು ತರುವ ಹೊಸ ಕೊಳವೆ ಹಾಕಿದರು, ಒಳಗೆ ಸಿಮೆಂಟ್ ಗಾರೆ ಬಳಿದ ಕೊಳವೆ. ಸಿಮೆಂಟಿನಲ್ಲಿ ಅಲ್ಯೂಮಿನಿಯಂ ಇರುತ್ತದೆ. ಲವಣವೆಲ್ಲ ತೆಗೆದ ನೀರು ಹಸಿದಂತಿರುತ್ತದೆ, ಮುಟ್ಟಿದ್ದನ್ನು ಕರಗಿಸಿಕೊಳ್ಳುತ್ತದೆ. ಆ ಕೇಂದ್ರದಲ್ಲಿ 27 ರೋಗಿಗಳಿದ್ದರು. ಹತ್ತು ಮಂದಿ ಸತ್ತರು. ಡೆನ್ವರ್‌ನಲ್ಲಿ ತಿಂಗಳುಗಟ್ಟಲೆ ಹಿಡಿದ ಕೆಲಸ ಇಲ್ಲಿ ವಾರಗಳಲ್ಲಿ ಮುಗಿಯಿತು. ಅದೇ ವರ್ಷ ಬ್ರೆಜಿಲಿನ ಕರುವಾರುವಿನಲ್ಲಿ ಡಯಾಲಿಸಿಸ್ ನೀರಿಗೆ ನೀಲಿಹಸಿರು ಪಾಚಿಯ ವಿಷ ಸೇರಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ವಿಷ ಬೇರೆ, ಬಂದ ದಾರಿ ಅದೇ.

ನಮ್ಮಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ, ಅದು ಸಣ್ಣ ಸಾಧನೆಯಲ್ಲ. ಭಾರತದ ಕುಡಿಯುವ ನೀರಿನ ಮಾನಕದಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 0.2ರವರೆಗೂ ನಡೆಯುತ್ತದೆ. ಅಂದರೆ ಕುಡಿಯಲು ಕಾನೂನುಬದ್ಧವಾಗಿ ಯೋಗ್ಯವಾದ ನೀರಿನಲ್ಲಿ, ಡಯಾಲಿಸಿಸ್‌ಗೆ ಸಲ್ಲುವುದಕ್ಕಿಂತ ಇಪ್ಪತ್ತು ಪಟ್ಟು ಅಲ್ಯೂಮಿನಿಯಂ ಇರಬಹುದು. ನಡುವೆ ನಿಂತಿರುವುದು ಆರ್‌ಒ ಪೊರೆ. ಬೇಸಿಗೆಯಲ್ಲಿ ನಲ್ಲಿ ನಿಂತು ಟ್ಯಾಂಕರ್ ಬಂದಾಗ, ಮಳೆಗಾಲದಲ್ಲಿ ನದಿ ಕೆಂಪಾಗಿ ಪಟಿಕದ ಪ್ರಮಾಣ ಏರಿದಾಗ, ಊರಿನಲ್ಲಿ ಹೊಸ ಕೊಳವೆ ಹಾಕಿದಾಗ ಈ ಪೊರೆಯ ಮುಂದೆ ಬರುವ ನೀರು ನಿನ್ನೆಯದಲ್ಲ. ಆರ್‌ಒ ಕೋಣೆಯ ಗೋಡೆಯ ಮೇಲಿನ ಮೀಟರು ನೀರಿನಲ್ಲಿರುವ ಒಟ್ಟು ಲವಣ ಎಷ್ಟು ಎಂದಷ್ಟೇ ಹೇಳುತ್ತದೆ, ಅದರಲ್ಲಿ ಅಲ್ಯೂಮಿನಿಯಂ ಎಷ್ಟು ಎಂದು ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಯಂತ್ರಕ್ಕೆ ಹೋಗುವ ಜಾಗದಿಂದಲೇ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು, ವರ್ಷಕ್ಕೆ ಒಂದು ಸಲವಾದರೂ. ಆ ವರದಿಯ ಹಾಳೆಯಲ್ಲಿ ಕೊನೆಯ ಪರೀಕ್ಷೆಯ ತಾರೀಖು ಇರುತ್ತದೆ. ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕಾಯುವ ಮನೆಯವರು ಅದನ್ನು ಕೇಳಿ ನೋಡಬಹುದು.